ಅತ್ತೆ ಗಾಳ ಹಿಡಿದ ವರ್ಷಗಳು

ನಾನು ಹಳೇಬೀಡಿನ ಕೆರೆಯ ಪಕ್ಕದ ಮನೆಗೆ ಸೊಸೆಯಾಗಿ ಬರುವವರೆಗೂ ನನಗೆ ಮೀನು ಅಂದರೆ ಸಂತೆಯಲ್ಲಿ ಸಿಗುವ ಒಣಮೀನು, ಅಷ್ಟೆ. ನನ್ನ ತವರು ಅರಸೀಕೆರೆ. ಅಪ್ಪ ಅಲ್ಲಿ ಮಿಡ್ಲ್ ಸ್ಕೂಲಿನ ಮೇಷ್ಟರು, ಜೊತೆಗೆ ಜಾವಗಲ್ ಕಡೆ ಸ್ವಲ್ಪ ರಾಗಿ ಹೊಲ, ತೆಂಗು. ನಮ್ಮ ಕಡೆಯೂ ಕೆರೆಗಳಿದ್ದವು. ಆದರೆ ಅವುಗಳಲ್ಲಿ ನೀರು ನಿಂತ ವರ್ಷಕ್ಕಿಂತ ದನ ಮೇಯ್ದ ವರ್ಷಗಳೇ ಹೆಚ್ಚು. ಹಾಗಾಗಿ ಮದುವೆಯಾಗಿ ಬಂದ ಮಾರನೆಯ ಬೆಳಿಗ್ಗೆ ಏರಿ ಹತ್ತಿ ನಿಂತು ಅಷ್ಟೊಂದು ನೀರನ್ನು ಒಟ್ಟಿಗೆ ನೋಡಿದಾಗ, ಇಷ್ಟು ನೀರಿನ ಪಕ್ಕ ಇವರೆಲ್ಲ ಹೇಗೆ ಭಯವಿಲ್ಲದೆ ಮಲಗುತ್ತಾರೆ ಅನ್ನಿಸಿತ್ತು.

ಭಯ ಇದ್ದದ್ದು ನೀರಿನದಲ್ಲ, ಅತ್ತೆಯದು. ಎತ್ತರದ ಹೆಂಗಸು, ಮಾತು ಕಮ್ಮಿ. ಬೈಯುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ನಾನು ಮಾಡಿದ ಸಾರಿಗೆ ಉಪ್ಪು ಕಮ್ಮಿಯಾಗಿದ್ದರೆ ಸುಮ್ಮನೆ ಉಪ್ಪಿನ ಮರಿಗೆಯನ್ನು ನನ್ನ ಕಡೆ ಸರಿಸುವರು. ನನ್ನ ಗಂಡ ಬೇಲೂರಿನ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು, ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವರು. ಮಾವನವರು ಊರಲ್ಲಿ ನಾಲ್ಕು ಜನಕ್ಕೆ ಬೇಕಾದವರು, ಪಂಚಾಯ್ತಿ ಮೆಂಬರು, ಹಗಲೆಲ್ಲ ಗದ್ದೆಯಲ್ಲೋ ಜಗಲಿಯ ನ್ಯಾಯದಲ್ಲೋ ಇರುವರು. ಮನೆಯೊಳಗೆ ಉಳಿಯುತ್ತಿದ್ದವರು ನಾವಿಬ್ಬರೇ. ಇಡೀ ದಿನದಲ್ಲಿ ನಮ್ಮಿಬ್ಬರ ನಡುವೆ ಒಂದು ಹಿಡಿ ಮಾತು ನಡೆದರೆ ಹೆಚ್ಚು.

ಅತ್ತೆ ನಗುವುದನ್ನು ನಾನು ಮೊದಲು ಕಂಡದ್ದು ಆ ವರ್ಷದ ಮುಂಗಾರಿನಲ್ಲಿ. ರಾತ್ರಿಯಿಡೀ ಹೊಯ್ದ ಮಳೆ ಬೆಳಿಗ್ಗೆ ಬಿಟ್ಟಿತ್ತು. ಕೊಟ್ಟಿಗೆ ಬಾಚುತ್ತಿದ್ದ ನನ್ನನ್ನು ಅತ್ತೆ ಕೂಗಿ, ಹಳೇ ಸೀರೆ ಇದ್ದರೆ ತಗೊಂಡು ಬಾ ಅಂದರು. ಯಾಕೆ ಅಂತ ಕೇಳುವ ಧೈರ್ಯ ನನಗಿರಲಿಲ್ಲ. ಹಿಂದೆ ಹೋದೆ. ಕೇರಿಯ ಹೆಂಗಸರೆಲ್ಲ ಮಂಕರಿ ಹೊತ್ತು, ಸೀರೆ ಮೊಣಕಾಲಿಗೆ ಎತ್ತಿ ಸಿಕ್ಕಿಸಿಕೊಂಡು ಕೆರೆಯ ಹಿಂಭಾಗಕ್ಕೆ, ಹಳ್ಳ ಬಂದು ಕೆರೆಗೆ ಸೇರುವ ಕಡೆಗೆ ನಡೆಯುತ್ತಿದ್ದರು. ಆ ಒಂದು ಬೆಳಿಗ್ಗೆ ಗಂಡಸರು ಯಾರೂ ಆ ಕಡೆ ಬರುವುದಿಲ್ಲ, ಅದು ಹಿಂದಿನಿಂದ ಬಂದ ಪದ್ಧತಿ ಅಂತ ಪಕ್ಕದ ಮನೆಯಾಕೆ ಹೇಳಿದಳು.

ಹೊಸ ನೀರಿನ ರುಚಿ ಹತ್ತಿದ ಮೀನು ಕೆರೆಯಿಂದ ಹಳ್ಳಕ್ಕೆ ಎದುರು ಹತ್ತುತ್ತದೆ. ಕೆಂಪು ನೀರಿನಲ್ಲಿ ಮೀನು ಕಾಣುತ್ತಿರಲಿಲ್ಲ, ಆದರೆ ಕಾಲಿಗೆ ಬಡಿಯುತ್ತಿತ್ತು. ಇಬ್ಬರು ಸೀರೆಯ ನಾಲ್ಕು ಚುಂಗು ಹಿಡಿದು ನೀರಿನ ಅಡಿಗೆ ಇಳಿಸಿ ನಿಲ್ಲುವುದು, ಮಿಕ್ಕವರು ನೀರು ಬಡಿದು ಅಟ್ಟಿಕೊಂಡು ಬರುವುದು, ಯಾರಾದರೂ ಎತ್ತು ಅಂದ ಕೂಡಲೇ ಎತ್ತುವುದು. ನಾನೂ ಅತ್ತೆಯೂ ಒಂದು ಸೀರೆ ಹಿಡಿದಿದ್ದೆವು. ಮೊದಲ ಸಲ ಎತ್ತಿದಾಗ ಬೆಳ್ಳಿ ಚೂರುಗಳ ಹಾಗೆ ಪಕ್ಕೆ ಮೀನು, ನಡುವೆ ಮೊಣಕೈ ಉದ್ದದ ಒಂದು ಗೆಂಡೆ. ಅದು ಎಗರಿದ ರಭಸಕ್ಕೆ ನಾನು ಕೈಬಿಟ್ಟು ಕೆಸರಿನಲ್ಲಿ ಕೂತುಬಿಟ್ಟೆ. ಮೀನೆಲ್ಲ ಹೋಯಿತು. ನನ್ನ ಕಣ್ಣಲ್ಲಿ ನೀರು ಬರುವುದರಲ್ಲಿತ್ತು. ತಲೆಯೆತ್ತಿ ನೋಡಿದರೆ ಅತ್ತೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಆ ದಿನ ಮಧ್ಯಾಹ್ನ ಹಿತ್ತಲಿನ ಒಲೆಯ ಮೇಲೆ ಹುಣಸೇಹುಳಿ ಹಾಕಿದ ಮೀನಿನ ಸಾರು ಕುದಿಯಿತು. ಮೀನಿನ ಮೊಟ್ಟೆಯನ್ನು ಬೇರೆಯಾಗಿ ಹುರಿದು ನನ್ನ ತಟ್ಟೆಗೇ ಮೊದಲು ಹಾಕಿದರು.

ಮುಂದಿನ ಬೇಸಿಗೆಯಲ್ಲಿ ಮೀನು ಇಲಾಖೆಯವರ ಬೋರ್ಡು ಬಂತು. ಏರಿಯ ಮೇಲೆ, ತೂಬಿನ ಪಕ್ಕ, ಎರಡು ಕಂಬ ನೆಟ್ಟು ಹಸಿರು ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಬರೆದಿದ್ದರು. ಇನ್ನು ಮೀನು ಹಿಡಿಯುವ ಹಾಗಿಲ್ಲವಂತೆ ಅಂತ ಮಾವನವರು ಊಟಕ್ಕೆ ಕೂತಾಗ ಹೇಳಿದರು. ಅತ್ತೆಗೆ ಅಷ್ಟು ಸಾಕಾಗಲಿಲ್ಲ. ಪಾತ್ರೆ ತೊಳೆದಿಟ್ಟ ಮೇಲೆ ನನ್ನನ್ನು ಕರೆದುಕೊಂಡು ಏರಿಗೆ ಹೋದರು. ಕೇರಿಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ನಾವು ಹೋಗುವುದನ್ನು ಕಂಡು ಇನ್ನೂ ಕೆಲವರು ಹಿಂದೆ ಬಂದರು.

ನಾನು ಗಟ್ಟಿಯಾಗಿ ಓದಿದೆ. ಗಾಳ ಹಾಕಿ ಮೀನು ಹಿಡಿಯಲು ಅಡ್ಡಿಯಿಲ್ಲ, ಆದರೆ ಒಬ್ಬರಿಗೆ ಒಂದೇ ಗಾಳ. ಬಲೆ ಹಾಕುವುದು ಹರಾಜಿನಲ್ಲಿ ಕೆರೆ ಹಿಡಿದವರಿಗೆ ಮಾತ್ರ. ಬಿದಿರ ಬುಟ್ಟಿಯಂಥ ಕೂಳಿ ಇಡಕೂಡದು, ಕಟ್ಟೆ ಕಟ್ಟಿ ನೀರು ಮೊಗೆಯಕೂಡದು, ಬಟ್ಟೆ ಹಿಡಿಯಕೂಡದು, ಮೀನಿಗೆ ಮಂಪರು ಬರಿಸುವ ಕಾರೆಕಾಯಿ ಜಜ್ಜಿ ನೀರಿಗೆ ಬೆರೆಸಕೂಡದು, ಮದ್ದು ಸಿಡಿಸಕೂಡದು. ಮಳೆಗಾಲದಲ್ಲಿ ಕೋಡಿ ಮತ್ತು ಹಳ್ಳದ ಬಾಯಲ್ಲಿ ಯಾವ ರೀತಿಯಿಂದಲೂ ಮೀನು ಹಿಡಿಯಕೂಡದು. ತಪ್ಪಿದವರಿಗೆ ದಂಡ. ನನ್ನ ಓದು ಮುಗಿಯಿತು. ಆಮೇಲೆ ಪಕ್ಕದ ಮನೆಯಾಕೆ, ಬಟ್ಟೆ ಅಂತ ಬರೆದವ್ರೆ, ಸೀರೆ ಅಂತ ಎಲ್ಲೂ ಬರೆದಿಲ್ವಲ್ಲ ಅಂದಳು. ಎಲ್ಲರಿಗೂ ಅದು ಸರಿಯೆನ್ನಿಸಿತು. ನಿಯಮ ಗಂಡಸರಿಗೆ, ನಮಗಲ್ಲ ಅಂತ ಮಾತಾಡಿಕೊಂಡು ಮನೆಗೆ ಬಂದೆವು.

ಮಳೆ ಬಂತು. ನಾವು ಹಳ್ಳಕ್ಕೆ ಇಳಿದೆವು. ಇನ್ನೂ ಒಂದು ಮಂಕರಿ ತುಂಬಿರಲಿಲ್ಲ, ಖಾಕಿ ಚಡ್ಡಿಯ ಇಲಾಖೆ ಗಾರ್ಡು ಸೈಕಲ್ಲನ್ನು ಹೆಗಲಿಗೆ ಏರಿಸಿಕೊಂಡು ಕೆಸರು ದಾಟಿ ಬಂದ. ಇನ್ನೂ ಎಳೇ ವಯಸ್ಸಿನವನು, ಮದುವೆಯಾಗಿದ್ದನೋ ಇಲ್ಲವೋ. ಸೀರೆ ಎತ್ತಿ ಕಟ್ಟಿದ್ದ ಅಷ್ಟು ಹೆಂಗಸರನ್ನು ಒಟ್ಟಿಗೆ ನೋಡಿ ಮುಖ ಬೇರೆ ಕಡೆ ತಿರುಗಿಸಿ ನಿಂತುಕೊಂಡೇ ಮಾತಾಡಿದ. ಇದು ತಪ್ಪು, ಎಲ್ಲ ಒಪ್ಪಿಸಬೇಕು ಅಂದ. ಸೀರೆಗಳನ್ನೂ ದಡದಲ್ಲಿದ್ದ ಕೂಳಿಗಳನ್ನೂ ಸೈಕಲ್ಲಿಗೆ ಕಟ್ಟಿಕೊಂಡ. ಮೀನನ್ನು ತಿರುಗಿ ನೀರಿಗೆ ಸುರಿಸಿದ. ಕೆಲವರು ಗೊಣಗಿದರು, ಒಬ್ಬಾಕೆ ಶಾಪ ಹಾಕಿದಳು. ಅತ್ತೆ ಮಾತ್ರ, ನಿನ್ನ ಮೇಲಿನವರು ಯಾರಪ್ಪಾ, ಎಲ್ಲಿ ಸಿಗುತ್ತಾರೆ ಅಂತ ಕೇಳಿದರು. ನಾಳೆ ಇನ್ಸ್‌ಪೆಕ್ಟರು ಪ್ರವಾಸಿ ಬಂಗಲೆಗೆ ಬರುತ್ತಾರೆ ಅಂದ.

ಮಾರನೆಯ ದಿನ ಅತ್ತೆ ತೊಳೆದ ಸೀರೆ ಉಟ್ಟು, ಕುಂಕುಮ ಇಟ್ಟುಕೊಂಡು, ನನ್ನನ್ನೂ ಇನ್ನೊಂದಿಬ್ಬರನ್ನೂ ಜೊತೆಗಿಟ್ಟುಕೊಂಡು ಬಂಗಲೆಗೆ ಹೋದರು. ಇನ್ಸ್‌ಪೆಕ್ಟರು ವಯಸ್ಸಾದವರು. ಜಗುಲಿಗೆ ಕುರ್ಚಿ ಹಾಕಿಸಿದರು. ಅತ್ತೆ ಕೂರಲಿಲ್ಲ. ನಮ್ಮ ಅಜ್ಜಿಯರ ಕಾಲದಿಂದ ಹಿಡಿದುಕೊಂಡು ಬಂದದ್ದು ಈಗ ಹೇಗೆ ತಪ್ಪಾಯಿತು ಅಂತ ಕೇಳಿದರು. ಅವರು ಬೇಸರಿಸದೆ ವಿವರಿಸಿದರು. ಹಳ್ಳಕ್ಕೆ ಹತ್ತುವ ಮೀನು ಮೊಟ್ಟೆ ಇಡಲು ಹತ್ತುವುದು, ಅದನ್ನು ಬಾಯಲ್ಲೇ ತಡೆದು ಹಿಡಿದರೆ ಮುಂದಿನ ವರ್ಷಕ್ಕೆ ಕೆರೆಯಲ್ಲಿ ಏನು ಉಳಿಯುತ್ತದೆ, ಅದೆಲ್ಲ ಬಸುರಿ ಮೀನು ತಾಯಿ ಅಂದರು.

"ಗೊತ್ತು ಸ್ವಾಮಿ. ಅದರ ರುಚೀನೇ ಅದು," ಅಂದರು ಅತ್ತೆ.

ಇನ್ಸ್‌ಪೆಕ್ಟರು ನಕ್ಕರು. ಅತ್ತೆ ನಗಲಿಲ್ಲ. ಸೆರಗು ಸರಿಮಾಡಿಕೊಂಡು ಕೇಳಿದರು, "ಗಾಳ ಹಾಕಬೈದು ಅಂತ ಬರೆದವ್ರಂತೆ. ಹೆಂಗಸ್ರೂ ಹಾಕಬೈದಾ?"

ಈ ಪ್ರಶ್ನೆ ಅವರನ್ನು ಹಿಂದೆ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಗಾರ್ಡಿನ ಮುಖ ನೋಡಿದರು. ಆಮೇಲೆ, ಹೆಂಗಸರು ಹಾಕಬಾರದು ಅಂತ ಎಲ್ಲೂ ಇಲ್ಲ, ಧಾರಾಳವಾಗಿ ಹಾಕಿ ಅಂದರು. ಸೀರೆಗಳನ್ನು ವಾಪಸು ಕೊಡಿಸಿದರು. ಕೂಳಿ ಮಾತ್ರ ಕೊಡಲಿಲ್ಲ.

ಅತ್ತೆ ಆ ವಾರದಲ್ಲೇ ಬಿದಿರ ಮೆಳೆಯಿಂದ ಒಂದು ಸಪೂರ ಗಳ ಕಡಿಸಿದರು. ನನ್ನ ಗಂಡನಿಗೆ ಹೇಳಿ ಬೇಲೂರಿನಿಂದ ದಾರವನ್ನೂ ಕೊಕ್ಕೆಯನ್ನೂ ತರಿಸಿದರು. ಜೋಳದ ದಂಟು ಸುಲಿದು ಬೆಂಡು ಕಟ್ಟಿದರು. ಮಾವನವರು ಇದನ್ನೆಲ್ಲ ನೋಡಿಯೂ ನೋಡದವರಂತೆ ಇದ್ದರು. ಗಳ ಹಿತ್ತಲಿನಿಂದ ಹೊರಟ ದಿನ ಅವರಿಗೆ ತಡೆಯಲಾಗಲಿಲ್ಲ. ಅವರಿಬ್ಬರ ನಡುವೆ ಮುನಿಸು ಬಂದರೆ ನೇರ ಮಾತು ನಿಂತು ಎಲ್ಲವೂ ನನ್ನ ಮೂಲಕ ಓಡಾಡುತ್ತಿತ್ತು. ಮೆಂಬರ ಹೆಂಡತಿ ಗಾಳ ಹಿಡಿದು ಏರಿ ಮೇಲೆ ಕೂತರೆ ನಾಲ್ಕು ಜನ ಏನಂತಾರೆ ಅಂತ ನಿಮ್ಮತ್ತೆಯನ್ನು ಕೇಳಮ್ಮ ಅಂದರು ನನಗೆ. ಅತ್ತೆ ಎರಡು ಮಾರು ದೂರದಲ್ಲೇ ನಿಂತಿದ್ದರು. ಏರಿ ಮೇಲೆ ಕೂರಲ್ಲ, ಹೊಂಗೆ ಮರದ ಮರೆಯಲ್ಲಿ ಕೂರ್ತಾಳಂತೆ ಅಂತ ನಿಮ್ಮ ಮಾವನಿಗೆ ಹೇಳು ಅಂದರು. ನಾನು ಎರಡೂ ಕಡೆ ತಲೆಯಾಡಿಸಿದೆ. ಹೆಂಗಸೊಬ್ಬಳೇ ಹೋಗುವುದು ಚೆನ್ನಾಗಿರುವುದಿಲ್ಲ ಅಂತ ಅತ್ತೆ ನನ್ನನ್ನೂ ಜೊತೆಗೆ ಕರೆದರು.

ಹೀಗೆ ನಮ್ಮ ಮಧ್ಯಾಹ್ನಗಳು ಶುರುವಾದವು. ಊಟ ಆಗಿ, ಪಾತ್ರೆ ಆಗಿ, ದನ ತಿರುಗಿ ಬರುವವರೆಗಿನ ಬಿಡುವಿನ ಹೊತ್ತು. ಏರಿ ಮುಗಿಯುವ ಕಡೆ ಹೊಂಗೆ ಮರದ ಬೇರಿನ ಮೇಲೆ ಕೂರುವುದು. ಅತ್ತೆ ನನಗೂ ಒಂದು ಗಾಳ ಕಟ್ಟಿಕೊಟ್ಟರು, ಆದರೆ ಎರೆಹುಳ ಚುಚ್ಚುವುದು ನನ್ನಿಂದ ಆಗುತ್ತಿರಲಿಲ್ಲ. ನನಗಾಗಿ ಅತ್ತೆ ರಾಗಿಹಿಟ್ಟು ಕಲಸಿ ಉಂಡೆ ಮಾಡಿಕೊಂಡು ಬರುವರು. ಮೊದಲಿಗೆ ನಮಗೆ ಏನೂ ಸಿಗಲಿಲ್ಲ. ಗುಡಿ ನೋಡಲು ಬಂದವರು ಕೆಲವರು ದೂರದಲ್ಲಿ ನಿಂತು ನಮ್ಮನ್ನೂ ನೋಡಿ ಹೋಗುವರು. ಊರಿನ ಗಂಡಸರು, ಏನವ್ವಾ, ಇವತ್ತು ಬರೀ ಮುದ್ದೇನಾ ಅಂತ ಕೆಣಕಿ ಹೋಗುವರು. ಅತ್ತೆ ಬೆಂಡಿನ ಮೇಲಿನ ಕಣ್ಣು ತೆಗೆಯುತ್ತಿರಲಿಲ್ಲ.

ಸೀರೆ ಹಿಡಿದು ಮೀನು ಹಿಡಿಯುವಾಗ ಮಾತಿಗೆ ಜಾಗವಿಲ್ಲ, ಬರೀ ಕೂಗಾಟ. ಗಾಳದ್ದು ಹಾಗಲ್ಲ. ಕೂತಿರಬೇಕು. ಕೂತಿದ್ದರೆ ಯಾರಾದರೂ ಮಾತಾಡಲೇಬೇಕು. ಅಡಿಗೆಮನೆಯಲ್ಲಿ ಒಂದು ವರ್ಷ ತುಟಿ ಬಿಚ್ಚದ ಅತ್ತೆ ಆ ಮರದ ಕೆಳಗೆ ನೀರಿಗೆ ಹೇಳುವವರಂತೆ ಮೆಲ್ಲಗೆ ತಮ್ಮ ಕಥೆ ಹೇಳಿದರು. ಅವರ ತವರು ಬಿಕ್ಕೋಡಿನ ಹತ್ತಿರ. ಇನ್ನೂ ಲಂಗ ಉಡುವ ವಯಸ್ಸಿನಲ್ಲಿ ತಾಯಿ ತೀರಿಕೊಂಡರು, ಕಂಕುಳ ಕೂಸು ತಮ್ಮನನ್ನು ಇವರೇ ಸಾಕಿದರು. ಮದುವೆಯಾಗಿ ಗಾಡಿ ಹತ್ತಿದಾಗ ಅವನು ಗಾಡಿಯ ಹಿಂದೆ ಓಡಿ ಬಂದು ಬಿದ್ದು ಮಂಡಿ ಒಡೆದುಕೊಂಡ. ಅವನ ಅಳು ಈಗಲೂ ಕಿವಿಯಲ್ಲಿದೆ ಅಂದರು. ನಾನೂ ಹೇಳಿದೆ. ಅರಸೀಕೆರೆಯಲ್ಲಿ ಮಲಗಿದರೆ ರೈಲಿನ ಸದ್ದಿಗೆ ನಿದ್ದೆ ಬರುತ್ತಿತ್ತು, ಇಲ್ಲಿ ಆ ಸದ್ದಿಲ್ಲದೆ ನಿದ್ದೆ ಬರುವುದಿಲ್ಲ ಅಂತ. ಅತ್ತೆ ನಗಲಿಲ್ಲ. ನನಗೂ ಬಂದ ಹೊಸದರಲ್ಲಿ ಹಾಗೇ ಇತ್ತು, ನಮ್ಮ ಮನೆ ಹಿಂದೆ ಹೊಳೆ ಹರಿಯುತ್ತಿತ್ತು, ಕೆರೆ ನೀರು ಸದ್ದೇ ಮಾಡುವುದಿಲ್ಲವಲ್ಲ ಅಂದರು.

ಮೊದಲ ದೊಡ್ಡ ಮೀನು ನನ್ನ ಗಾಳಕ್ಕೆ ಬಿತ್ತು, ಒಂದು ಗೆಂಡೆ. ಎಳೆಯಲು ಹೋಗಿ ನಾನು ಕಿರುಚಿಕೊಂಡೆ. ಅತ್ತೆ ಹಿಂದಿನಿಂದ ನನ್ನ ಸೊಂಟ ಹಿಡಿದುಕೊಂಡು, ಬಿಡಬೇಡ, ಎಳೀಬೇಡ, ಸುಮ್ಮನೆ ಹಿಡಿದುಕೊ ಅನ್ನುತ್ತಿದ್ದರು. ಅದು ಸುಸ್ತಾಗಿ ದಡಕ್ಕೆ ಬಂದಾಗ ನಮಗೂ ಸುಸ್ತು. ಆ ಸಂಜೆ ಸಾರು ಬಡಿಸಿದಾಗ ಮಾವನವರು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ಎರಡನೇ ಸಲ ಬಡಿಸಿಕೊಂಡರು. ಕೈ ತೊಳೆಯುವಾಗ, ಹೊಂಗೆ ಮರದ ಹತ್ತಿರ ಹಾವು ಇರುತ್ತೆ, ನೋಡಿಕೊಂಡು ಕೂರಬೇಕಂತೆ ಅಂತ ನಿಮ್ಮತ್ತೆಗೆ ಹೇಳಮ್ಮ ಅಂದರು.

ಅಲ್ಲಿಂದ ಕೇರಿಯ ಇನ್ನೂ ಕೆಲವು ಹೆಂಗಸರು ಗಾಳ ಹಿಡಿದರು. ಗಾರ್ಡು ಬಂದಾಗಲೆಲ್ಲ ಸೈಕಲ್ ನಿಲ್ಲಿಸಿ, ಒಂದೊಂದೇ ಗಾಳ ತಾನೇ ಅಂತ ಕೇಳಿ ನಗುವನು. ಹರಾಜಿನಲ್ಲಿ ಕೆರೆ ಹಿಡಿದ ಬೆಸ್ತರವರು ತಮ್ಮ ಬಲೆಯಲ್ಲಿ ಬಂದದ್ದರಲ್ಲಿ ಒಂದು ಹಿಡಿ ಪಕ್ಕೆ ಮೀನು ನಮ್ಮ ಮಂಕರಿಗೂ ಹಾಕಿ ಹೋಗುವುದಿತ್ತು. ಆ ಕಾಲವನ್ನು ನೆನೆದರೆ ಈಗಲೂ ನನಗೆ ಹೊಂಗೆ ಹೂವಿನ ವಾಸನೆ ಬರುತ್ತದೆ.

ನನಗೆ ಮಗಳು ಹುಟ್ಟಿದಳು. ಅರಸೀಕೆರೆಯಲ್ಲಿ ಬಾಣಂತನ ಮುಗಿಸಿ ಕೂಸನ್ನು ಎತ್ತಿಕೊಂಡು ಬಂದಾಗ ಅತ್ತೆ ನೆಂಟರನ್ನೆಲ್ಲ ಊಟಕ್ಕೆ ಕರೆದರು. ಅವರ ತಮ್ಮನೂ ಬಂದರು. ಆಗ ಅವರು ಬಿಕ್ಕೋಡು ಕಡೆಯ ರಸ್ತೆ ಕೆಲಸದಲ್ಲಿ ಕಂಟ್ರಾಕ್ಟರ ಹತ್ತಿರ ಮೇಸ್ತ್ರಿ. ಮದ್ದಿಟ್ಟು ಬಂಡೆ ಒಡೆಸುವುದು ಅವರ ಉಸ್ತುವಾರಿ. ಜೀಪಿನಲ್ಲಿ ಮೂರ್ನಾಲ್ಕು ಸ್ನೇಹಿತರ ಜೊತೆ ಹಿಂದಿನ ಸಂಜೆಯೇ ಬಂದಿಳಿದರು. ದೊಡ್ಡ ದನಿ, ದೊಡ್ಡ ನಗು, ಮಗುವಿಗೆ ಬೆಳ್ಳಿ ಕಾಲ್ಗಡಗ. ಅತ್ತೆ ಆ ಸಂಜೆ ತಮ್ಮನ ಬೆನ್ನು ಸವರುತ್ತಲೇ ಇದ್ದರು. ನಾಳೆ ಊಟಕ್ಕೆ ಮೀನಿನ ಜವಾಬ್ದಾರಿ ನಂದು ಅಕ್ಕ ಅಂದರು ಅವರು.

ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಆ ಸದ್ದು ಕೇಳಿತು. ಅಟ್ಟದ ಮೇಲಿನ ಪಾತ್ರೆಗಳು ಅದುರಿದವು, ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಅತ್ತಿತು. ಆಮೇಲೆ ಇನ್ನೊಂದು ಸದ್ದು. ಅತ್ತೆ ಕೈಯಲ್ಲಿದ್ದ ಸೌಟನ್ನು ಹಾಗೇ ಹಿಡಿದು ಏರಿಗೆ ಓಡಿದರು. ಮಗುವನ್ನು ಎತ್ತಿಕೊಂಡು ನಾನೂ ಹೋದೆ.

ನೀರು ಕಲಕಿ ಬೂದಿ ಬಣ್ಣವಾಗಿತ್ತು. ಅದರ ಮೇಲೆ ಬಿಳೀ ಹೊಟ್ಟೆಗಳು. ದೊಡ್ಡವು ಅಲ್ಲೊಂದು ಇಲ್ಲೊಂದು, ಮಿಕ್ಕಿದ್ದೆಲ್ಲ ಬೆರಳುದ್ದದ ಮರಿ. ಇನ್ನೂ ಕೆಲವು ಸಾಯದೆ ಒಂದು ಪಕ್ಕಕ್ಕೆ ವಾಲಿಕೊಂಡು ಸುತ್ತುತ್ತಿದ್ದವು. ಸ್ನೇಹಿತರು ಸೊಂಟದವರೆಗೆ ಇಳಿದು ದೊಡ್ಡವನ್ನು ಮಾತ್ರ ಆರಿಸಿ ಕುಕ್ಕೆಗೆ ಹಾಕುತ್ತಿದ್ದರು. ಮರಿಗಳನ್ನು ಯಾರು ಮುಟ್ಟುತ್ತಾರೆ. ಅವು ಗಾಳಿಗೆ ತೇಲಿ ನಾವು ಕೂರುತ್ತಿದ್ದ ಹೊಂಗೆ ಮರದ ಕಡೆಗೆ ಬಂದು ದಡಕ್ಕೆ ಹತ್ತಿಕೊಳ್ಳುತ್ತಿದ್ದವು. ಅತ್ತೆ ತಿರುಗಿ ಮನೆಗೆ ನಡೆದರು.

ಅವರ ತಮ್ಮ ಕುಕ್ಕೆ ಹೊರಿಸಿಕೊಂಡು ಹಿತ್ತಲಿಗೆ ಬಂದಾಗ ಅತ್ತೆ ಅಡಿಗೆಮನೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಏನು ಹಾಕಿ ಹಿಡಿದೆ?"

ಅವರು ನಕ್ಕು, ಹೆಂಗೋ ಹಿಡಿದೆ, ನಿನಗೆ ಸಾರು ಆಗಬೇಕು ತಾನೇ ಅಂದರು.

"ಇದು ನನ್ನ ಒಲೆ ಮೇಲೆ ಬೇಯಲ್ಲ ಕಣ್ಲಾ. ಎತ್ಕೊಂಡು ಹೋಗು."

ಅವರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಮುಖ ಕೆಂಪಾಯಿತು. ಸ್ನೇಹಿತರ ಮುಂದೆ ಮಾತು ಬೆಳೆಸದೆ ಕುಕ್ಕೆಯನ್ನು ಅಲ್ಲೇ ಬೇಲಿಯ ಪಕ್ಕ ಇಟ್ಟು ಜಗಲಿಗೆ ಹೋಗಿ ಕೂತರು.

ಅಷ್ಟು ಹೊತ್ತಿಗೆ ಸದ್ದು ಕೇಳಿದ ಗಾರ್ಡು ಬಂದ. ಕೆರೆಗೆ ಹೋಗಿ ನೋಡಿ, ಅಲ್ಲಿಂದ ನೇರ ನಮ್ಮ ಮನೆಗೆ. ಜಗಲಿಯ ತುಂಬ ನೆಂಟರು. ಮಾವನವರು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ತರಿಸಿದರು. ಹೊರಗಿನಿಂದ ಯಾರೋ ಬಂದು ಮಾಡಿ ಹೋಗಿರಬೇಕು, ಊಟದ ದಿನ, ಊಟ ಮಾಡಿಕೊಂಡು ಹೋಗು, ಆಮೇಲೆ ವಿಚಾರಿಸೋಣ ಅಂತ ಮೆತ್ತಗೆ ಹೇಳಿದರು. ಗಾರ್ಡಿಗೂ ಜೀಪು ಕಂಡಿತ್ತು, ಒದ್ದೆ ಪಂಚೆಗಳು ಕಂಡಿದ್ದವು. ಆದರೆ ಮೆಂಬರ ಮನೆಯ ಜಗಲಿಯಲ್ಲಿ ಕೂತು ಇನ್ನೇನು ಹೇಳಿಯಾನು. ಲೋಟ ಹಿಡಿದುಕೊಂಡು ತಲೆ ತಗ್ಗಿಸಿದ.

ಆಗ ಅತ್ತೆ ಒಳಗಿನಿಂದ ಬಂದು ಹೊಸಿಲ ಮೇಲೆ ನಿಂತರು. ನೆಂಟರ ಮುಂದೆ ಅವರು ಹಾಗೆ ಬಂದು ಮಾತಾಡಿದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಹೊರಗಿನೋರಲ್ಲ ಕಣಪ್ಪಾ. ನನ್ನ ತಮ್ಮ. ನಮ್ಮನೆ ಊಟಕ್ಕೆ ಅಂತ ಮಾಡಿದ್ದು. ಬರ್ಕೋ."

ಇಷ್ಟು ಹೇಳಿ ಒಳಗೆ ಹೋದರು. ತಮ್ಮ ಎದ್ದು, ಅಂಗಿ ಹಾಕಿಕೊಂಡು, ಗಾರ್ಡು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟು ಜೀಪು ಹತ್ತಿದರು. ಊಟ ಮಾಡಲಿಲ್ಲ. ಒಳಗೆ ಬಂದು ಅಕ್ಕನಿಗೆ ಹೇಳಿಯೂ ಹೋಗಲಿಲ್ಲ. ಅತ್ತೆ ಒಲೆಯ ಮುಂದೆ ಕೂತು ಉರಿ ಊದುತ್ತಿದ್ದರು. ಜೀಪಿನ ಸದ್ದು ಮಾದಿಹಳ್ಳಿ ರಸ್ತೆ ಹಿಡಿದು ಪೂರ್ತಿ ಅಡಗುವವರೆಗೆ ಊದುತ್ತಲೇ ಇದ್ದರು. ಬಂದವರಿಗೆ ಅವರೆಕಾಳು ಸಾರಿನ ಊಟ ಹಾಕಿದೆವು.

ಬೇಲೂರಿನ ಕೋರ್ಟಿನಲ್ಲಿ ಅತ್ತೆಯ ತಮ್ಮನಿಂದ ದಂಡ ಕಟ್ಟಿಸಿಕೊಂಡು ಬಿಟ್ಟರು. ಅದು ದೊಡ್ಡದಲ್ಲ. ಕೆಲಸದ ಮದ್ದು ಹೊರಗೆ ತಂದದ್ದಕ್ಕೆ ಕಂಟ್ರಾಕ್ಟರು ಮೇಸ್ತ್ರಿ ಕೆಲಸದಿಂದ ತೆಗೆದರು. ಅದು ದೊಡ್ಡದಾಯಿತು. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಅತ್ತೆ ಹಬ್ಬದ ದಿನ ಮಧ್ಯಾಹ್ನದವರೆಗೆ ಬಸ್ಸಿನ ಸದ್ದಿಗೆ ಕಿವಿ ಕೊಟ್ಟಿದ್ದು, ಆಮೇಲೆ ಸುಮ್ಮನೆ ಎಲೆ ಹಾಕಿದರು. ಮುಂದಿನ ವರ್ಷವೂ ಬರಲಿಲ್ಲ.

ಮಾವನವರು ಬಹಳ ದಿನ ಮುನಿಸಿಕೊಂಡಿದ್ದರು. ಮುನಿಸು ಇಳಿದ ಮೇಲೂ ಗಾಳದ ಮಾತು ಮಾತ್ರ ನನ್ನ ಮೂಲಕವೇ ಓಡಾಡುತ್ತಿತ್ತು. ಒಡಹುಟ್ಟಿದವನನ್ನೇ ಹಿಡಿದುಕೊಟ್ಟವಳು ಅಂತ ನೆಂಟರಲ್ಲಿ ಮಾತಾಯಿತು. ಅತ್ತೆ ಗಾಳವನ್ನು ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿಟ್ಟರು. ಒಂದು ಮಧ್ಯಾಹ್ನ ನಾನೇ ಅದನ್ನು ಇಳಿಸಿ, ನನ್ನದನ್ನೂ ತಗೊಂಡು, ಮಗುವನ್ನು ಕಂಕುಳಲ್ಲಿಟ್ಟುಕೊಂಡು, ಬನ್ನಿ ಅತ್ತೆ ಅಂದೆ. ಬಂದರು. ಮರದ ಕೆಳಗೆ ಕೂತ ಮೇಲೆ, ಅವತ್ತು ಹೇಳದೇ ಇದ್ದಿದ್ದರೆ ಆಗುತ್ತಿರಲಿಲ್ಲವಾ ಅಂತ ಕೇಳಿದೆ. ಅಷ್ಟು ದಿನದಿಂದ ನನ್ನ ಮನಸ್ಸಿನಲ್ಲಿದ್ದದ್ದು.

ಅವರು ಬೆಂಡು ನೋಡುತ್ತಲೇ ಹೇಳಿದರು, "ಹೇಳದೇ ಇದ್ದಿದ್ರೆ ನಾನು ಇಲ್ಲಿ ಬಂದು ಹೆಂಗವ್ವಾ ಕೂತ್ಕೊಳ್ಳಲಿ?" ಸ್ವಲ್ಪ ಹೊತ್ತಿನ ಮೇಲೆ ಸೆರಗಿನಿಂದ ಕಣ್ಣೊರಸಿಕೊಂಡರು. ನಾನು ಅವರ ಗಾಳವನ್ನೂ ಹಿಡಿದುಕೊಂಡೆ. ಒಬ್ಬರಿಗೆ ಒಂದೇ ಅನ್ನುವ ನಿಯಮ ಆ ಗಳಿಗೆ ಮುರಿಯಿತು.

ಮಗಳು ಅ ಆ ಇ ಈ ತಿದ್ದುವ ಹೊತ್ತಿಗೆ ಒಂದು ಗೌರಿ ಹಬ್ಬದ ಹಿಂದಿನ ದಿನ ಅತ್ತೆಯ ತಮ್ಮ ತಾವೇ ಮೊರದ ಬಾಗಿನ ಹೊತ್ತು ಬಸ್ಸಿನಿಂದ ಇಳಿದರು. ಆಗ ಅವರು ಒಂದು ಕಾಫಿ ತೋಟದಲ್ಲಿ ಬರವಣಿಗೆ ಕೆಲಸಕ್ಕಿದ್ದರು. ಕಿವಿಯ ಪಕ್ಕ ಕೂದಲು ನರೆತಿತ್ತು, ದನಿ ತಗ್ಗಿತ್ತು. ನೀರು ಕೊಟ್ಟೆ. ಅತ್ತೆ ಮೊರ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು. ಹಳೆಯ ವಿಷಯ ಇಬ್ಬರೂ ಎತ್ತಲಿಲ್ಲ. ತಮ್ಮನ ಹೆಂಡತಿಯ ಮಂಡಿ ನೋವು, ಮಗನ ಸ್ಕೂಲು, ಈ ಸಲ ಕಾಫಿಗೆ ಹೂಮಳೆ ಬಿದ್ದಿತೋ ಇಲ್ಲವೋ, ಇದೇ ಮಾತು. ಊಟಕ್ಕೆ ಕೂತಾಗ ಮಾವನವರು ತಮ್ಮ ಮಣೆಯ ಪಕ್ಕದಲ್ಲೇ ಅವರಿಗೂ ಮಣೆ ಹಾಕಿಸಿದರು. ಮಲಗುವ ಹೊತ್ತಿನವರೆಗೂ ಅಕ್ಕ ತಮ್ಮ ಜಗಲಿಯ ಕಂಬಕ್ಕೆ ಒರಗಿ ಮಾತಾಡಿದರು. ಒಳಗಿನಿಂದ ನನಗೆ ಅತ್ತೆಯ ನಗು ಕೇಳಿತು.

ಆಮೇಲೆ ನನ್ನ ಗಂಡನಿಗೆ ಅರಸೀಕೆರೆಗೆ ವರ್ಗವಾಯಿತು. ನಾನು ಹುಟ್ಟಿದ ಊರಿಗೆ ಮತ್ತೆ ಹೋಗುವುದು, ಸಂತೋಷಪಡಬೇಕಿತ್ತು. ಸಾಮಾನು ಕಟ್ಟುವಾಗ ಕೈ ಓಡಲಿಲ್ಲ. ಹೊರಡುವ ಹಿಂದಿನ ಮಧ್ಯಾಹ್ನ ಅತ್ತೆ, ಕಟ್ಟಿದ್ದು ಸಾಕು ಬಾ ಅಂದರು. ಅವತ್ತು ನಮಗೆ ಒಂದು ಮೀನೂ ಬೀಳಲಿಲ್ಲ. ದನಗಳ ಗಂಟೆ ಕೇಳಿಸಿದರೂ ಇಬ್ಬರೂ ಏಳಲಿಲ್ಲ. ಕೊನೆಗೆ ಮಾವನವರೇ ಏರಿಯ ಮೇಲೆ ಬಂದು ನಿಂತು, ಹೊತ್ತಾಯಿತು, ಮಗು ಅಳುತ್ತಿದೆ, ಇಬ್ಬರೂ ಬನ್ನಿ ಅಂದರು. ನನ್ನ ಮೂಲಕ ಅಲ್ಲ, ನೇರ ಅತ್ತೆಗೇ ಅಂದರು.